ರಾತ್ರಿ ಸುಮ್ಮನಿರದ ಬಸುರಿಯ ಕಾಲು

ತಾಯಿ ಕಾರ್ಡನ್ನು ಬಿಡಿಸಿ ನೋಡಿದರೆ ಬಸುರಿಯ ಮೈಯ ಬಗ್ಗೆ ಸರ್ಕಾರಕ್ಕೆ ಏನೇನು ತಿಳಿಯಬೇಕಿದೆ ಎಂಬುದು ಗೊತ್ತಾಗುತ್ತದೆ. ತೂಕ, ಬಿ.ಪಿ., ಹಿಮೋಗ್ಲೋಬಿನ್, ಮೂತ್ರದಲ್ಲಿ ಆಲ್ಬುಮಿನ್, ಮಗುವಿನ ಎದೆಬಡಿತ, ಕಾಲಿನ ಊತ. ಕಾಲಿನ ವಿಷಯಕ್ಕೆ ಬಂದರೆ ಊತ ಇದೆಯೋ ಇಲ್ಲವೋ ಎಂಬಲ್ಲಿಗೆ ಮಾತು ಮುಗಿಯಿತು. ಊತವಿಲ್ಲದ, ಗಾಯವಿಲ್ಲದ, ಹಗಲೆಲ್ಲ ಚೆನ್ನಾಗಿಯೇ ಓಡಾಡಿದ ಕಾಲು ರಾತ್ರಿ ಚಾಪೆಯ ಮೇಲೆ ಚಾಚಿದೊಡನೆ ಹಟ ಹಿಡಿಯುತ್ತದೆಯೇ ಎಂದು ಬರೆದುಕೊಳ್ಳಲು ಅಲ್ಲಿ ಜಾಗವಿಲ್ಲ. ಜಾಗವಿಲ್ಲದ್ದನ್ನು ಕೇಳುವ ರೂಢಿಯೂ ಬೆಳೆಯುವುದಿಲ್ಲ.

ಹೇಳಿಕೊಳ್ಳುವುದಕ್ಕೂ ಅದು ಕಷ್ಟದ ತೊಂದರೆ. ನೋವು ಎನ್ನಲಾಗದು, ಉರಿ ಎನ್ನಲಾಗದು, ಜೋಮು ಹಿಡಿದದ್ದೂ ಅಲ್ಲ. ಮೀನಖಂಡದ ಒಳಗೆ ಏನೋ ಹರಿದಾಡಿದಂತೆ, ಎಳೆದಂತೆ, ಮೂಳೆಯೊಳಗೇ ತುರಿಕೆ ಎದ್ದಂತೆ. ಕಾಲನ್ನು ಆಡಿಸದೆ ಇರಲಾಗದು. ಆಡಿಸಿದರೆ, ಎದ್ದು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹಾಯೆನಿಸುತ್ತದೆ. ಮಲಗಿದರೆ ಮತ್ತೆ ಶುರು. ಬೆಳಗಿನ ಜಾವಕ್ಕೆ ತಾನಾಗಿ ತಣ್ಣಗಾಗುತ್ತದೆ, ಅಷ್ಟರಲ್ಲಿ ಡೈರಿಗೆ ಹಾಲು ಹಾಕುವ ಹೊತ್ತಾಗಿರುತ್ತದೆ. ಕೂತು ಕಾಲು ಅಲ್ಲಾಡಿಸುವುದು ದರಿದ್ರದ ಲಕ್ಷಣ ಎಂದು ಬೈಯುವ ಅಜ್ಜಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಹಾಗಾಗಿ ಕಾಟದ ಜೊತೆಗೆ ಬೈಗುಳವೂ ಸೇರುತ್ತದೆ. ಬಾಯಿಬಿಟ್ಟು ಹೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ. ಮನೆಯಲ್ಲಿ, ‘ಬಸುರಿ ಅಂದ್ಮೇಲೆ ಇವೆಲ್ಲ ಇದ್ದದ್ದೇ ಕಣಮ್ಮ.’ ಆಸ್ಪತ್ರೆಯಲ್ಲಿ, ‘ರಕ್ತ ಕಡಿಮೆ ಇದೆ, ಮಾತ್ರೆ ತಗೋ.’ ಮೊದಲನೆಯದು ಕಾರಣವನ್ನೇ ಹುಡುಕುವುದಿಲ್ಲ. ಎರಡನೆಯದು ಕಾರಣ ಸಿಕ್ಕೇಬಿಟ್ಟಿತೆಂದು ಬೇಗ ಎದ್ದು ಹೋಗುತ್ತದೆ. ಆ ಎರಡನೆಯ ಮಾತಿನಲ್ಲಿ ಬಹುಪಾಲು ನಿಜವಿದೆ. ಆದರೆ ಉಳಿದದ್ದನ್ನು ವಿಚಾರಿಸದೆ ಬಿಡುವುದರಿಂದ ಇರುವ ನಿಜವೂ ಬಸುರಿಯ ಉಪಯೋಗಕ್ಕೆ ಬರುತ್ತಿಲ್ಲ ಎಂಬುದು ನನ್ನ ವಾದ.

ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ವರ್ಣಿಸಿದ್ದ. ಆಮೇಲೆ ಶಾಸ್ತ್ರ ಇದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು. 1945ರಲ್ಲಿ ಸ್ವೀಡನ್ನಿನ ಕಾರ್ಲ್-ಆಕ್ಸೆಲ್ ಎಕ್‌ಬೊಮ್ ಇದಕ್ಕೆ ಹೆಸರಿಟ್ಟು, ಲಕ್ಷಣಗಳನ್ನು ಜೋಡಿಸಿ ಬರೆದರು. ಬಸುರಿಯರಲ್ಲಿ ಇದು ಹೆಚ್ಚೆಂಬುದನ್ನೂ ಕಬ್ಬಿಣದ ಕೊರತೆಯ ಜೊತೆ ಇದಕ್ಕೆ ನಂಟಿದೆ ಎಂಬುದನ್ನೂ ಗುರುತಿಸಿದವರು ಅವರೇ. 1953ರಲ್ಲಿ ಅದೇ ದೇಶದ ನಾರ್ಡ್‌ಲ್ಯಾಂಡರ್ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟು ರೋಗಿಗಳಿಗೆ ಉಪಶಮನ ಕಂಡದ್ದನ್ನು ವರದಿ ಮಾಡಿದರು. ಅಂದರೆ ‘ರಕ್ತ ಕಡಿಮೆ’ ಎನ್ನುವ ನಮ್ಮ ಡಾಕ್ಟ್ರಮ್ಮನ ಮಾತಿಗೆ ಎಪ್ಪತ್ತು ವರ್ಷ ಮೀರಿದ ಹಿನ್ನೆಲೆ ಇದೆ.

ಬೇರೆಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ಐವರು ಬಸುರಿಯರಲ್ಲಿ ಸುಮಾರು ಒಬ್ಬರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಈ ತೊಂದರೆ ಇರುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2007ರಲ್ಲಿ ಎರಡು ಅಧ್ಯಯನ ಪ್ರಕಟಿಸಿದರು. ನಗರದ ಸಾಮಾನ್ಯ ಜನರಲ್ಲಿ ಇದು ಕಂಡದ್ದು ನೂರಕ್ಕೆ ಇಬ್ಬರ ಆಸುಪಾಸಿನಲ್ಲಿ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಬಂದ ರೋಗಿಗಳಲ್ಲಿ ಮಾತ್ರ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ. ಈಗ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಇದರ ಪಕ್ಕಕ್ಕಿಡಿ: ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45.7 ಮಂದಿಗೆ ರಕ್ತಹೀನತೆ. ನಮ್ಮ ಜಿಲ್ಲೆಯಲ್ಲಿ ಕೋಲಾರದಿಂದ ಮುಳಬಾಗಿಲಿನವರೆಗೆ, ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ನಡುರಾತ್ರಿ ಎದ್ದು ಓಡಾಡುತ್ತಿರಬಹುದು ಎಂದು ಊಹಿಸಲು ಇಷ್ಟು ಸಾಕು.

ಊಹೆ ಅನ್ನುವುದಕ್ಕೆ ಕಾರಣವಿದೆ. ‘ಕಾಲು ನೋವು’ ಅಂದರೆ ನಮ್ಮಲ್ಲಿ ಹತ್ತು ತೊಂದರೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಆರಿಸುತ್ತ ನಿಂತವಳಿಗೆ, ಶ್ರೀನಿವಾಸಪುರದ ಮಂಡಿಯಲ್ಲಿ ಸೀಸನ್ನಿನ ಮಾವು ತುಂಬುವವಳಿಗೆ, ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವವಳಿಗೆ, ನರಸಾಪುರದ ಕಾರ್ಖಾನೆಯಲ್ಲಿ ಇಡೀ ಪಾಳಿ ನಿಂತೇ ಇರುವವಳಿಗೆ ಸಂಜೆ ಕಾಲು ಭಾರವಾಗುವುದು ಸಹಜ. ಆ ಭಾರ ಮಲಗಿ ಕಾಲಿನ ಕೆಳಗೆ ದಿಂಬು ಇಟ್ಟುಕೊಂಡರೆ ಇಳಿಯುತ್ತದೆ. ಮೀನಖಂಡ ಹಿಡಿದುಕೊಳ್ಳುವುದು ಇನ್ನೊಂದು: ಮಾಂಸ ಗಂಟುಕಟ್ಟಿ ಕಲ್ಲಿನಂತಾಗುತ್ತದೆ, ಚೀರುವಷ್ಟು ನೋವು, ನಿಮಿಷಗಳಲ್ಲಿ ಬಿಡುತ್ತದೆ. ನಾನು ಹೇಳುತ್ತಿರುವ ತೊಂದರೆ ಇವೆರಡೂ ಅಲ್ಲ. ಇದರಲ್ಲಿ ಗಂಟಿಲ್ಲ, ಇದಕ್ಕೆ ವಿಶ್ರಾಂತಿ ಮದ್ದಲ್ಲ. ವಿಶ್ರಾಂತಿಯೇ ಇದನ್ನು ಎಬ್ಬಿಸುವುದು. ಕಾಲು ಆಡಿಸಬೇಕೆಂಬ ತಡೆಯಲಾಗದ ಒತ್ತಾಯ, ಕೂತಾಗ-ಮಲಗಿದಾಗ ಹೆಚ್ಚುವುದು, ಓಡಾಡಿದರೆ ಕಡಿಮೆಯಾಗುವುದು, ಸಂಜೆ-ರಾತ್ರಿಗೆ ಏರುವುದು: ಈ ನಾಲ್ಕೂ ಇದ್ದು, ಬೇರೆ ಯಾವ ತೊಂದರೆಯೂ ಇದನ್ನು ವಿವರಿಸದಿದ್ದರೆ ಮಾತ್ರ ವೈದ್ಯರು ಈ ಹೆಸರು ಕೊಡುತ್ತಾರೆ. ಯಂತ್ರ ಬೇಡ, ಸ್ಕ್ಯಾನ್ ಬೇಡ. ಕೇಳುವ ಬಾಯಿ ಸಾಕು.

ಬೇರ್ಪಡಿಸಿ ನೋಡದೆ ಇದ್ದರೆ ಏನು ನಷ್ಟ ಎಂದು ಕೇಳಬಹುದು. ನಷ್ಟ ಇದೆ. ಬಸುರಿಯ ಕಾಲು ಅಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಕ್ಯಾಲ್ಸಿಯಂ ಮಾತ್ರೆ. ಎರಡನೆಯ ತ್ರೈಮಾಸಿಕದಿಂದ ದಿನಕ್ಕೆ ಎರಡು ಹೇಗೂ ಕೊಡುತ್ತಾರೆ. ‘ಕಾಲು ಸೆಳೆತ’ ಎಂದರೆ ಅದನ್ನು ಮರೆಯದೆ ನುಂಗು ಎಂದು ಒತ್ತಿ ಹೇಳುತ್ತಾರೆ. ಅವಳು ಮರೆಯಬಾರದೆಂದು ಕಬ್ಬಿಣದ ಮಾತ್ರೆಯ ಜೊತೆಗೇ ನುಂಗುತ್ತಾಳೆ. ಕ್ಯಾಲ್ಸಿಯಂ ಕರುಳಿನಲ್ಲಿ ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ. ಹೀಗೆ ಕಾಲಿಗೆಂದು ಶ್ರದ್ಧೆಯಿಂದ ತೆಗೆದುಕೊಂಡ ಮಾತ್ರೆಯೇ ಕಾಲಿನ ಕಾಟಕ್ಕೆ ಕುಮ್ಮಕ್ಕು ಕೊಡುತ್ತದೆ. ಎರಡರ ನಡುವೆ ಎರಡು ಗಂಟೆಯಾದರೂ ಬಿಡು ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು.

ಕಬ್ಬಿಣಕ್ಕೂ ಕಾಲಿನ ಚಡಪಡಿಕೆಗೂ ಏನು ಸಂಬಂಧ? ಸಂಬಂಧ ಇರುವುದು ಕಾಲಿನಲ್ಲಲ್ಲ, ಮಿದುಳಿನಲ್ಲಿ. ಚಲನೆಯನ್ನು ಹದದಲ್ಲಿಡುವ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಈ ತೊಂದರೆ ಇರುವವರ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದಾಗ, ಎಂಆರ್‌ಐ ತೆಗೆದು ನೋಡಿದಾಗ, ಮಿದುಳಿನ ಕೆಲವು ಭಾಗಗಳಲ್ಲಿ ಕಬ್ಬಿಣ ಕಡಿಮೆ ಇರುವುದು ಕಂಡಿದೆ. ರಕ್ತದಲ್ಲಿರುವ ಕಬ್ಬಿಣ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ರಾತ್ರಿ ಇಳಿಮುಖ. ಡೋಪಮೀನಿನ ಚಟುವಟಿಕೆಯೂ ಹಾಗೆಯೇ. ಕಾಟ ರಾತ್ರಿಯೇ ಯಾಕೆ ಎಂಬುದಕ್ಕೆ ಈಗಿರುವ ಉತ್ತರಗಳಲ್ಲಿ ಹೆಚ್ಚು ಒಪ್ಪುವಂಥದ್ದು ಇದು.

ಬಸುರಿನ ಲೆಕ್ಕ ಇದಕ್ಕೆ ಕೂಡಿಕೊಳ್ಳುತ್ತದೆ. ಒಂಬತ್ತು ತಿಂಗಳಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1,000 ಮಿಲಿಗ್ರಾಂ. ಅದರಲ್ಲಿ 300ರಷ್ಟು ಮಗು ಮತ್ತು ಮಾಸಿಗೆ, 500ರಷ್ಟು ತಾಯಿಯ ಹೆಚ್ಚುವರಿ ಕೆಂಪುಕಣಗಳಿಗೆ, ಮಿಕ್ಕದ್ದು ದಿನನಿತ್ಯದ ಸವಕಳಿಗೆ. ಮಗು ಹೆಚ್ಚಿನ ಪಾಲನ್ನು ಎಳೆದುಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ, ಕಾಲು ಹೆಚ್ಚು ಕಾಡುವುದೂ ಆಗಲೇ. ತಾಯಿಗೆ ಕೊರತೆಯಿದ್ದರೂ ಮಗು ತನ್ನದನ್ನು ಬಹಳ ಮಟ್ಟಿಗೆ ಪಡೆದುಕೊಳ್ಳುತ್ತದೆ. ಬರಿದಾಗುವುದು ತಾಯಿಯ ದಾಸ್ತಾನು.

ದಾಸ್ತಾನು ಎಂದದ್ದು ಬೇಕೆಂದೇ. ಆಸ್ಪತ್ರೆಯಲ್ಲಿ ಅಳೆಯುವುದು ಹಿಮೋಗ್ಲೋಬಿನ್ ಅನ್ನು. ಬಸುರಿಗೆ 11 ಗ್ರಾಂ ದಾಟಿದ್ದರೆ ‘ರಕ್ತ ಚೆನ್ನಾಗಿದೆ’. ಆದರೆ ಮನೆಯ ಮೇಲಿನ ಸಿಂಟೆಕ್ಸ್ ತುಂಬಿದೆ ಎಂದ ಮಾತ್ರಕ್ಕೆ ಬೋರ್‌ವೆಲ್‌ನಲ್ಲಿ ನೀರಿದೆ ಎಂದಲ್ಲ. ಇದನ್ನು ಕೋಲಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಹ ಕಬ್ಬಿಣವನ್ನು ಮೊದಲು ರಕ್ತಕ್ಕೆ ಕೊಡುತ್ತದೆ, ದಾಸ್ತಾನನ್ನು ಬರಿದು ಮಾಡಿಕೊಂಡಾದರೂ. ದಾಸ್ತಾನು ತೋರಿಸುವ ಪರೀಕ್ಷೆ ಫೆರಿಟಿನ್. ಬಸುರಿನ ಚಡಪಡಿಕೆಗೆಂದೇ ತಜ್ಞರು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಫೆರಿಟಿನ್ ಲೀಟರಿಗೆ 75 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡುವುದು ಸೂಕ್ತ. ವಿಶ್ವ ಆರೋಗ್ಯ ಸಂಸ್ಥೆ ಬಸುರಿನ ಮೊದಲ ಮೂರು ತಿಂಗಳಲ್ಲಿ ‘ಕೊರತೆ’ ಎಂದು ಕರೆಯುವುದು 15ಕ್ಕಿಂತ ಕೆಳಗೆ. 15ಕ್ಕೂ 75ಕ್ಕೂ ನಡುವೆ ಇರುವ ಹೆಣ್ಣಿಗೆ ರಕ್ತಹೀನತೆ ಇರದಿರಬಹುದು, ಕಾಲು ಮಾತ್ರ ಸುಮ್ಮನಿರದೆ ಕಾಡಬಹುದು. ‘ರಕ್ತ ಚೆನ್ನಾಗಿದೆಯಲ್ಲ, ಮತ್ತೇನು?’ ಎಂದು ಅವಳನ್ನು ಕಳಿಸಿಬಿಡುತ್ತೇವೆ. ಬಾಯಿಮಾತಿನ ‘ರಕ್ತ ಕಡಿಮೆ’ ಎಂಬ ಕಾರಣ ಸೋಲುವುದು ಇಲ್ಲಿ. ಫೆರಿಟಿನ್ ಕೂಡ ಪೂರ್ತಿ ನಂಬಿಕಸ್ಥನಲ್ಲ. ಸೋಂಕೋ ಉರಿಯೂತವೋ ಇದ್ದರೆ ದಾಸ್ತಾನು ಬರಿದಾಗಿದ್ದರೂ ಅಂಕಿ ಮೇಲೆ ತೋರುತ್ತದೆ.

ಇನ್ನು ರಾಗಿ. ರಾಗಿ ತಿಂದವ ನಿರೋಗಿ ಎಂಬ ಮಾತಿನ ಮೇಲೆ ಬೆಳೆದವರು ನಾವು, ಆ ಹೆಮ್ಮೆ ತಪ್ಪೇನೂ ಅಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ: 100 ಗ್ರಾಮಿಗೆ ಸುಮಾರು 364 ಮಿಲಿಗ್ರಾಂ. ಕಬ್ಬಿಣ ಮಾತ್ರ ಸುಮಾರು 4.6 ಮಿಲಿಗ್ರಾಂ, ಅದೂ ಫೈಟೇಟ್ ಮತ್ತು ಟ್ಯಾನಿನ್‌ಗಳಿಂದ ಕಟ್ಟಿಹಾಕಿಕೊಂಡ ಕಬ್ಬಿಣ. ಮೈಗೆ ಹತ್ತುವುದು ಅದರಲ್ಲಿ ಚೂರು. ಮುದ್ದೆ ಉಣ್ಣುವ ಬಸುರಿಗೆ ಕಬ್ಬಿಣ ತಾನಾಗಿ ಸಿಗುತ್ತದೆ ಎಂಬುದು ಸುಳ್ಳು ಭರವಸೆ. ಹಾಗೆಂದು ಮುದ್ದೆ ಬಿಡಬೇಕಿಲ್ಲ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ಕಟ್ಟು ಸಡಿಲವಾಗುತ್ತದೆ. ಬಸ್ಸಾರಿಗೆ ನಿಂಬೆಹುಳಿ ಹಿಂಡಿದರೆ, ಊಟದ ಜೊತೆ ಹಸಿ ಟೊಮೆಟೊ, ಸೀಬೆಹಣ್ಣು, ನೆಲ್ಲಿಕಾಯಿ ತಿಂದರೆ ಅವುಗಳ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಕರೆದುಕೊಳ್ಳುತ್ತದೆ. ದಿನಾ ಲಾರಿಗಟ್ಟಲೆ ಟೊಮೆಟೊವನ್ನು ದೇಶದ ಮೂಲೆಮೂಲೆಗೆ ಕಳಿಸುವ ಊರು ನಮ್ಮದು. ಮಾಂಸ ತಿನ್ನುವ ಮನೆಗಳಲ್ಲಿ ವಾರಕ್ಕೊಮ್ಮೆ ಈಲಿ ಬೇಯುವಾಗ ಬಸುರಿಯ ತಟ್ಟೆಗೆ ಎಷ್ಟು ಬೀಳುತ್ತದೆ ಎಂಬುದನ್ನು ಆಯಾ ಮನೆಯವರು ನೋಡಿಕೊಳ್ಳಬೇಕು. ಮಾಂಸದ ಕಬ್ಬಿಣ ಸೊಪ್ಪುಕಾಳಿನದಕ್ಕಿಂತ ಸುಲಭವಾಗಿ ಮೈಗೆ ಸೇರುತ್ತದೆ.

ಊಟವಾದ ತಕ್ಷಣದ ಟೀ ಇದನ್ನೆಲ್ಲ ಹಾಳು ಮಾಡುತ್ತದೆ. ಟೀಯ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುವುದು ಒಂದಾದರೆ, ಸಂಜೆಯ ಕಾಫಿ-ಟೀಯ ಕೆಫೀನ್ ಕೆಲವರಲ್ಲಿ ಚಡಪಡಿಕೆಯನ್ನೇ ಹೆಚ್ಚಿಸುತ್ತದೆ. ‘ಗ್ಯಾಸ್’ ಎಂದು ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಆಸಿಡಿಟಿ ಮಾತ್ರೆಯೂ ಕಬ್ಬಿಣ ಹೀರುವಿಕೆಯನ್ನು ತಗ್ಗಿಸುತ್ತದೆ, ಏಕೆಂದರೆ ಕಬ್ಬಿಣ ಕರಗಲು ಹೊಟ್ಟೆಯ ಆಮ್ಲ ಬೇಕು. ಇನ್ನೊಂದು ಗುಟ್ಟಿನ ವಿಷಯ: ಬಸುರಿಯರು ಕದ್ದು ತಿನ್ನುವ ಮಣ್ಣು, ಬೂದಿ, ಸೀಮೆಸುಣ್ಣ, ಹಸಿ ಅಕ್ಕಿ. ನಾವು ಅದನ್ನು ಬಯಕೆ ಎಂದು ನಕ್ಕು ಸುಮ್ಮನಾಗುತ್ತೇವೆ. ಹಲವು ಸಲ ಅದು ಕಬ್ಬಿಣದ ಕೊರತೆಯ ಲಕ್ಷಣ, ಮೇಲಾಗಿ ಜೇಡಿಮಣ್ಣು ಇದ್ದಬದ್ದ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ. ಮಣ್ಣು ತಿನ್ನುವವಳಿಗೆ ರಾತ್ರಿ ಕಾಲು ಹೇಗಿರುತ್ತದೆ ಎಂದೂ, ಕಾಲು ಆಡಿಸುವವಳಿಗೆ ಏನಾದರೂ ತಿನ್ನಬೇಕೆನಿಸುತ್ತದೆಯೇ ಎಂದೂ ಕೇಳುವ ಆಶಾ ಅಕ್ಕ ಒಂದು ಪ್ರಯೋಗಾಲಯಕ್ಕೆ ಸಮ.

ಇಷ್ಟೆಲ್ಲ ಹೇಳಿದ ಮೇಲೆ ಕಬ್ಬಿಣವೇ ಕಾರಣ ಎಂದು ಮುಗಿಸಬಹುದಿತ್ತು. ಆದರೆ ಕಬ್ಬಿಣದ ವಾದಕ್ಕೆ ಎದುರಾಗಿ ಒಂದು ಗಟ್ಟಿ ಸಂಗತಿ ನಿಂತಿದೆ. ಹೆರಿಗೆಯಾದ ಮೇಲೆ ಬಹುತೇಕ ಹೆಣ್ಣುಮಕ್ಕಳ ಕಾಲು ಕೆಲವು ದಿನಗಳಲ್ಲಿ, ಇಲ್ಲವೆ ಕೆಲವು ವಾರಗಳಲ್ಲಿ ತಣ್ಣಗಾಗುತ್ತದೆ. ಹೆರಿಗೆಯಲ್ಲಿ ರಕ್ತ ಹೋಗುತ್ತದೆ. ಬಾಣಂತನದ ಪಥ್ಯದಲ್ಲಿ ಕೆಲವು ಮನೆಗಳಲ್ಲಿ ಸೊಪ್ಪುತರಕಾರಿಯೂ ಬಂದ್. ಕಬ್ಬಿಣವೊಂದೇ ಕಾರಣವಾಗಿದ್ದರೆ ಬಾಣಂತಿಯ ಕಾಲು ಬಸುರಿಯ ಕಾಲಿಗಿಂತ ಹೆಚ್ಚು ಕಾಡಬೇಕಿತ್ತು. ಕಾಡುವುದಿಲ್ಲ. ಫೆರಿಟಿನ್ ಅಳೆದು ನೋಡಿದ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಚಡಪಡಿಸುವ ಬಸುರಿಯರಲ್ಲಿ ಕಬ್ಬಿಣ ಕಡಿಮೆ ಎಂದು ಕೆಲವು, ಅಂಥ ವ್ಯತ್ಯಾಸವಿಲ್ಲ ಎಂದು ಇನ್ನು ಕೆಲವು.

ಇಲ್ಲಿ ಹಾರ್ಮೋನುಗಳ ವಾದ ಎದ್ದು ನಿಲ್ಲುತ್ತದೆ. ಬಸುರಿನಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ತಿಂಗಳು ತಿಂಗಳು ಏರಿ ಕೊನೆಯಲ್ಲಿ ತುದಿ ಮುಟ್ಟುತ್ತವೆ. ಮಾಸು ಹೊರಬಿದ್ದ ಕೆಲವೇ ದಿನಗಳಲ್ಲಿ ಧೊಪ್ಪನೆ ಕುಸಿಯುತ್ತವೆ. ಕಾಲಿನ ಕಾಟದ ಏರಿಳಿತವೂ ಹಾಗೆಯೇ ಇದೆ. ಈಸ್ಟ್ರೋಜೆನ್ ಡೋಪಮೀನ್ ವ್ಯವಸ್ಥೆಯನ್ನು ಮುಟ್ಟುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಆದರೆ ಚಡಪಡಿಸುವವರಲ್ಲಿ ಈಸ್ಟ್ರೋಜೆನ್ ಹೆಚ್ಚಿತ್ತೆಂದು ತೋರಿಸಿದ ಜರ್ಮನಿಯ ಅಧ್ಯಯನ ಬೆರಳೆಣಿಕೆಯ ಹೆಣ್ಣುಮಕ್ಕಳ ಮೇಲೆ ನಡೆದದ್ದು. ಆಮೇಲಿನವು ಅದನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿಲ್ಲ. ಹಾಲೂಡಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಮೇಲೂ ಒಂದು ಕಾಲಕ್ಕೆ ಅನುಮಾನವಿತ್ತು. ಅದನ್ನು ಕಬ್ಬಿಣಕ್ಕೆ ಒಡ್ಡಿದ ಪರೀಕ್ಷೆಗೇ ಒಡ್ಡಿದರೆ ಬೀಳುತ್ತದೆ: ಹೆರಿಗೆಯ ನಂತರವೂ ಮಗು ಹಾಲು ಕುಡಿದಾಗಲೆಲ್ಲ ಪ್ರೊಲ್ಯಾಕ್ಟಿನ್ ಏರುತ್ತದೆ, ಕಾಲು ಮಾತ್ರ ಅಷ್ಟರಲ್ಲಿ ಸುಮ್ಮನಾಗಿರುತ್ತದೆ.

ಬಾಣಂತಿಯ ಕಾಲು ತಣ್ಣಗಾದ ಮಾತ್ರಕ್ಕೆ ಕಬ್ಬಿಣ ಸೋತಿತು ಎನ್ನುವಂತೆಯೂ ಇಲ್ಲ. ಆಗ ಮಗು ಎಳೆದುಕೊಳ್ಳುತ್ತಿದ್ದ ಪಾಲು ನಿಂತಿರುತ್ತದೆ. ಹೆಚ್ಚುವರಿ ಕೆಂಪುಕಣಗಳಿಗೆ ಹೋಗಿದ್ದ ಆ 500 ಮಿಲಿಗ್ರಾಮಿನಲ್ಲಿ, ಹೆರಿಗೆಯಲ್ಲಿ ಹೆಚ್ಚು ರಕ್ತಸ್ರಾವವಾಗದಿದ್ದರೆ, ಒಂದು ಪಾಲು ಮುಂದಿನ ವಾರಗಳಲ್ಲಿ ದಾಸ್ತಾನಿಗೆ ಮರಳುತ್ತದೆ. ಅಂದರೆ ವಾರಗಳಲ್ಲಿ ಕಾಣುವ ಚೇತರಿಕೆಯನ್ನು ಕಬ್ಬಿಣವೂ ವಿವರಿಸಬಲ್ಲದು. ನಾಲ್ಕೇ ದಿನದಲ್ಲಿ ಕಾಣುವ ಚೇತರಿಕೆಯನ್ನು ಮಾತ್ರ ವಿವರಿಸಲಾರದು. ನನಗೆ ತೋರುವಂತೆ ಇವೆರಡೂ ಎದುರಾಳಿಗಳಲ್ಲ. ಕಬ್ಬಿಣದ ಕೊರತೆ ಮಿದುಳನ್ನು ಮೊದಲೇ ದುರ್ಬಲಗೊಳಿಸಿರುತ್ತದೆ, ಕೊನೆಯ ತಿಂಗಳುಗಳ ಹಾರ್ಮೋನಿನ ಉಬ್ಬರ ಅದನ್ನು ಎದ್ದು ಕಾಣುವಂತೆ ಮಾಡುತ್ತದೆ. ಉಬ್ಬರವನ್ನು ತಡೆಯಲು ಯಾರ ಕೈಯಲ್ಲೂ ಆಗದು, ತಡೆಯಲೂ ಬಾರದು. ಕೊರತೆಯನ್ನು ತುಂಬಬಹುದು. ಕಾರಣಗಳಲ್ಲಿ ದೊಡ್ಡದು ಯಾವುದು ಎಂಬ ಪ್ರಶ್ನೆ ವಿಜ್ಞಾನಿಗಳದ್ದು. ಕೈಗೆ ಎಟುಕುವುದು ಯಾವುದು ಎಂಬುದು ಮುಳಬಾಗಿಲಿನ ಡಾಕ್ಟ್ರಮ್ಮನದ್ದು. ಎರಡನ್ನೂ ಬೆರೆಸಿಕೊಂಡು, ‘ಕಬ್ಬಿಣವೇ ಎಂದು ಸಾಬೀತಾಗಿಲ್ಲವಲ್ಲ’ ಎಂದು ಕೈಕಟ್ಟಿ ಕೂರುವುದು ಜಾಣತನವಲ್ಲ.

ಮೂರನೆಯ ಎಳೆ ವಂಶದ್ದು. 2007ರಲ್ಲಿ ಎಂಇಐಎಸ್1, ಬಿಟಿಬಿಡಿ9 ಎಂಬ ಜೀನುಗಳ ಕೆಲವು ರೂಪಗಳಿಗೂ ಈ ತೊಂದರೆಗೂ ನಂಟಿದೆ ಎಂದು ಕಂಡುಕೊಳ್ಳಲಾಯಿತು. ಅದಕ್ಕೆ ಬಹಳ ಮೊದಲೇ ವೈದ್ಯರಿಗೆ ಮನೆತನಗಳಲ್ಲಿ ಇದು ಹರಿದುಬರುವುದು ಗೊತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಕಾಲು ಉಜ್ಜಿಕೊಳ್ಳುತ್ತಾ ಕೂತರೆ, ‘ನಿನ್ನ ಹೊಟ್ಟೇಲಿಟ್ಕೊಂಡಾಗ ನನಗೂ ಹಿಂಗೇ ಆಗ್ತಿತ್ತು, ಏನಾಗಲ್ಲ ಬಿಡು’ ಎಂದು ತಾಯಿ ಸಮಾಧಾನ ಹೇಳುತ್ತಾಳೆ. ಶ್ರೀನಿವಾಸಪುರದ ಕಡೆ ಈ ಮಾತು ತೆಲುಗಿನಲ್ಲಿ ಬಂದೀತು. ಯಾವ ಭಾಷೆಯಲ್ಲಿ ಬಂದರೂ ರೋಗ ಗುರುತಿಸಲು ಅದಕ್ಕಿಂತ ಒಳ್ಳೆಯ ಸುಳಿವಿಲ್ಲ, ಅದನ್ನೇ ನಾವು ಮಾತು ಮುಚ್ಚಿಹಾಕಲು ಬಳಸುತ್ತೇವೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಈ ಒಲವು ತಾಯಿಯ ಕಡೆಯದೋ ತಂದೆಯ ಕಡೆಯದೋ ಎಂದು ಬಿಡಿಸುವುದೂ ಸುಲಭವಲ್ಲ. ಎಷ್ಟು ಮಕ್ಕಳಾಗಿವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಜರ್ಮನಿಯ ಪೊಮೆರೇನಿಯಾ ಸೀಮೆಯ ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರದ ಹೆಂಗಸರಲ್ಲಿ ಈ ತೊಂದರೆಯ ಸಂಭವ ಗಂಡಸರಷ್ಟೇ ಇತ್ತು. ಒಂದು ಮಗುವಾದವರಲ್ಲಿ ಅದು ಸುಮಾರು ಇಮ್ಮಡಿ, ಮೂರಾದವರಲ್ಲಿ ಮೂರು ಪಟ್ಟಿಗೂ ಮೇಲೆ. ಹೆಂಗಸರಿಗೆ ಇದು ಹೆಚ್ಚು ಎನ್ನುವ ಮಾತಿನ ಹಿಂದೆ ಬಹುಮಟ್ಟಿಗೆ ಇರುವುದು ಬಸುರೇ.

ನಾಲ್ಕನೆಯದನ್ನು ಬೇಗ ಹೇಳಿಬಿಡಬಹುದು, ಆದರೆ ಸರಿಪಡಿಸಲು ಎಲ್ಲಕ್ಕಿಂತ ಸುಲಭವಾದದ್ದು ಅದು: ಔಷಧಿ. ವಾಂತಿಗೆಂದು ಕೊಡುವ ಡಾಕ್ಸಿಲಮೀನ್, ಪ್ರೊಮೆಥಜೀನ್, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್ಫೆನಿರಮೀನ್ ಮುಂತಾದ ನಿದ್ದೆ ತರಿಸುವ ಆಂಟಿಹಿಸ್ಟಮಿನ್‌ಗಳು, ಡೋಪಮೀನನ್ನು ತಡೆಯುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಈ ಕಾಟವನ್ನು ಹೆಚ್ಚಿಸಬಲ್ಲವು. ಮೂರನೆಯ ತಿಂಗಳಲ್ಲಿ ಶುರುವಾದ ವಾಂತಿ ಮಾತ್ರೆಯನ್ನು ವಾಂತಿ ನಿಂತ ಮೇಲೂ ರಾತ್ರಿ ನಿದ್ದೆ ಬರಲಿ ಎಂದು ಏಳನೆಯ ತಿಂಗಳವರೆಗೆ ನುಂಗುವವರಿದ್ದರೆ, ನಿದ್ದೆ ಕೆಡಿಸುತ್ತಿರುವುದು ಅದೇ ಇರಬಹುದು. ತಾವಾಗಿ ನಿಲ್ಲಿಸುವುದು ಬೇಡ, ಚೀಟಿಯನ್ನು ಡಾಕ್ಟರ ಮುಂದಿಟ್ಟು ಕೇಳಿದರೆ ಸಾಕು.

ಕೋಲಾರದಲ್ಲಿ ಕಾಲಿನ ಮಾತೆತ್ತಿ ಫ್ಲೋರೈಡ್ ಬಿಡಲಾಗದು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಸಾವಿರ ಅಡಿ ದಾಟಿದ ಕೊಳವೆಬಾವಿಗಳು, ಹಲವು ಊರುಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಫ್ಲೋರೈಡ್. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬಂದ ಮೇಲೆ ನೀರಿನ ಮೇಲಿನ ಅನುಮಾನ ಇನ್ನಷ್ಟು ಕವಲೊಡೆದಿದೆ. ಹಾಗಾಗಿ ಕಾಲು ನೋವಿನ ಯಾವ ಮಾತೂ ಕೊನೆಗೆ ‘ನೀರು ಸರಿಯಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಫ್ಲೋರೈಡಿನಿಂದ ಬರುವ ಮೂಳೆ ತೊಂದರೆ ವರ್ಷಗಟ್ಟಲೆಯ ಫಲ. ಕೀಲು ಮತ್ತು ಬೆನ್ನು ಬಿಗಿಯುತ್ತವೆ, ನಡೆದಾಡುವುದೇ ಕಷ್ಟವಾಗುತ್ತದೆ. ನಡೆದರೆ ಹಾಯೆನಿಸುವ, ಹೆರಿಗೆಯ ಜೊತೆ ಮುಗಿಯುವ ತೊಂದರೆಗೆ ಅದು ನೇರ ಕಾರಣವಾಗಲಾರದು. ಬಳಸುದಾರಿಯ ಕಾರಣ ಆಗಬಹುದೇ? ದೆಹಲಿಯ ಎ.ಕೆ. ಸುಶೀಲಾ ಮತ್ತು ಸಂಗಡಿಗರು 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತಹೀನತೆಯಿದ್ದ ಬಸುರಿಯರಿಗೆ ಫ್ಲೋರೈಡ್ ಕಡಿಮೆ ಮಾಡಿಸಿ, ಆಹಾರವನ್ನೂ ಸುಧಾರಿಸಿದಾಗ ಹಿಮೋಗ್ಲೋಬಿನ್ ಏರಿತು. ಕರುಳಿನ ಒಳಪದರ ಕೆಟ್ಟು ಪೋಷಕಾಂಶ ಹೀರದಂತಾಗುತ್ತದೆ ಎಂಬುದು ಅವರ ವಿವರಣೆ. ಆದರೆ ಆಹಾರ ಮತ್ತು ನೀರು ಎರಡೂ ಒಟ್ಟಿಗೆ ಬದಲಾದಲ್ಲಿ ಏರಿಕೆಯ ಯಶಸ್ಸನ್ನು ಯಾವುದಕ್ಕೆ ಎಷ್ಟು ಕೊಡಬೇಕೆಂದು ಹೇಳುವುದು ಕಷ್ಟ. ಇದು ಕೋಲಾರದಲ್ಲೇ ವಿಚಾರಿಸಬೇಕಾದ ಪ್ರಶ್ನೆ. ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ, ಸುತ್ತ ಫ್ಲೋರೈಡ್ ಹೆಚ್ಚಿರುವ ಊರೂ ಇದೆ, ಕಡಿಮೆಯಿರುವ ಊರೂ ಇದೆ. ಉತ್ತರ ಸಿಗುವವರೆಗೆ, ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಕುಡಿಯಲಷ್ಟೇ ಇಟ್ಟುಕೊಂಡು ಅಡುಗೆಗೆ ಬೋರ್ ನೀರು ಬಳಸುವ ಮನೆಗಳು ಬಸುರಿಯ ಮಟ್ಟಿಗಾದರೂ ಸಾರಿಗೂ ಆ ನೀರನ್ನೇ ಬಳಸಿದರೆ ಕಳೆದುಕೊಳ್ಳುವುದೇನಿಲ್ಲ. ಆದರೆ ಚಡಪಡಿಕೆಯನ್ನೆಲ್ಲ ನೀರಿನ ತಲೆಗೆ ಕಟ್ಟಿ ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲೇ ಬಿಟ್ಟರೆ ಕಳೆದುಕೊಳ್ಳುವುದಿದೆ.

ಡಬ್ಬಿಯಲ್ಲಿ ಉಳಿಯುವ ಮಾತ್ರೆಗಳು ಕಡಿಮೆಯೇನಲ್ಲ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಂತೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದು, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುವ ಮಾತ್ರೆ, 180 ದಿನ; ಹೆರಿಗೆಯಾದ ಮೇಲೆ ಮತ್ತೆ 180 ದಿನ. ಕೊಡುವುದು ನಿಜ, ನುಂಗುವುದು ಅನುಮಾನ. ಮಲ ಕಪ್ಪಗಾಗುತ್ತದೆ, ಹೊಟ್ಟೆ ಕಟ್ಟುತ್ತದೆ, ಮಗು ಕಪ್ಪಗೆ ಹುಟ್ಟುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳು ಕೇಳಿಬರುತ್ತವೆ. ಇದರಲ್ಲಿ ಮೊದಲೆರಡು ನಿಜ, ಕೊನೆಯವೆರಡು ಸುಳ್ಳು. ‘ರಕ್ತ ಹೆಚ್ಚುತ್ತೆ, ತಗೋ’ ಎಂಬ ಮಾತು ಯಾರನ್ನೂ ಅಷ್ಟಾಗಿ ಅಲುಗಿಸುವುದಿಲ್ಲ. ರಕ್ತ ಹೆಚ್ಚಿದ್ದು ಕಣ್ಣಿಗೆ ಕಾಣುವುದಿಲ್ಲ. ಅದರ ಬದಲು ‘ರಾತ್ರಿ ಕಾಲು ಕಾಡುತ್ತಲ್ಲ, ಅದಕ್ಕಿದು, ಟೀ ಜೊತೆ ಬೇಡ, ಕ್ಯಾಲ್ಸಿಯಂ ಜೊತೆ ಬೇಡ, ವಾರಗಳು ಹಿಡಿಯುತ್ತೆ’ ಎಂದರೆ ಅವಳಿಗೆ ಕಾಯಲು ಒಂದು ಕಾರಣ ಸಿಗುತ್ತದೆ. ಎಲ್ಲರ ಕಾಲೂ ತಣ್ಣಗಾಗುತ್ತದೆ ಎಂದು ಭಾಷೆ ಕೊಡಲಾಗದು, ಕೊಡಬಾರದು. ಆದರೆ ಮಾತ್ರೆ ಒಳಗೆ ಹೋದರೆ ರಕ್ತಹೀನತೆಗಾದರೂ ಅದು ಕೆಲಸ ಮಾಡುತ್ತದೆ.

ಪ್ರತಿ ತಿಂಗಳ 9ನೇ ತಾರೀಖು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಉದ್ದನೆಯ ಸಾಲಿನಲ್ಲಿ ಇನ್ನೊಂದು ಪ್ರಶ್ನೆಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಪ್ರಶ್ನೆಯನ್ನು ಡಾಕ್ಟರಿಗೆ ವಹಿಸದೆ, ಸಾಲಿನಲ್ಲಿ ಜೊತೆಗೇ ನಿಂತಿರುವ ಆಶಾ ಅಕ್ಕನಿಗೆ ವಹಿಸಬೇಕು. ‘ಮಲಗಿದಾಗ ಕಾಲು ಸುಮ್ಮನಿರುತ್ತಾ? ಎದ್ದು ಓಡಾಡಿದರೆ ಕಮ್ಮಿಯಾಗುತ್ತಾ?’ ಮೊದಲನೆಯದಕ್ಕೆ ಇಲ್ಲವೆಂದೂ ಎರಡನೆಯದಕ್ಕೆ ಹೌದೆಂದೂ ಉತ್ತರ ಬಂದರೆ ಕಾರ್ಡಿನ ಅಂಚಿನಲ್ಲಿ ಗುರುತು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಫೆರಿಟಿನ್‌ಗೆ ದುಡ್ಡು ಸುರಿಯದೆ ನೇರವಾಗಿ ಕಬ್ಬಿಣ. ಹಿಮೋಗ್ಲೋಬಿನ್ ಸರಿಯಿದ್ದೂ ಕಾಲು ಕಾಡುತ್ತಿದ್ದರೆ ಫೆರಿಟಿನ್. ಮಾತ್ರೆ ಒಗ್ಗದಿದ್ದರೆ, ಇಲ್ಲವೆ ದಾಸ್ತಾನು ತೀರ ಬರಿದಾಗಿದ್ದರೆ, ನಾಲ್ಕನೆಯ ತಿಂಗಳ ನಂತರ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿಯೂ ಇದೆ. ಬೇರೆ ರೋಗಿಗಳಿಗೆ ಕೊಡುವ ಪ್ರಮಿಪೆಕ್ಸೋಲ್‌ನಂಥ ಮಾತ್ರೆಗಳು ಬಸುರಿನಲ್ಲಿ ಸುರಕ್ಷಿತವೆಂದು ಹೇಳಲು ಸಾಕಷ್ಟು ಆಧಾರವಿಲ್ಲ, ಆದ್ದರಿಂದ ಕಬ್ಬಿಣದ ದಾರಿಯನ್ನು ಸರಿಯಾಗಿ ಸವೆಸದೆ ಅತ್ತ ಹೋಗುವ ಮಾತಿಲ್ಲ.

ಹೆರಿಗೆಯೊಂದಿಗೆ ಕಡತ ಮುಚ್ಚುವುದೂ ಬೇಡ. ಬಸುರಿನಲ್ಲಿ ಚಡಪಡಿಸಿದವರಿಗೆ ಮುಂದಿನ ವರ್ಷಗಳಲ್ಲಿ ಈ ತೊಂದರೆ ಮರಳುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಎಂದು ಇಟಲಿಯ ಅಧ್ಯಯನವೊಂದು 2010ರಲ್ಲಿ ತೋರಿಸಿದೆ. ಮುಂದಿನ ಬಸುರಿನಲ್ಲಂತೂ ಅದು ಮತ್ತೆ ಬರುವುದು ಹೆಚ್ಚು. ಹೆರಿಗೆಯಾಗಿ ಎರಡು ಮೂರು ತಿಂಗಳಾದರೂ ಕಾಲು ಸುಮ್ಮನಾಗದವಳಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡ, ನರಗಳ ತಪಾಸಣೆ ಆಗಬೇಕು. ಸುಮ್ಮನಾದವಳಿಗೆ, ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೇಗೂ ಬರುವವಳಿಗೆ, ಬಾಣಂತನದ 180 ಮಾತ್ರೆಗಳಲ್ಲಿ ಎಷ್ಟು ಉಳಿದಿವೆ ಎಂದು ಕೇಳಿ, ಇನ್ನೊಂದು ಮಗುವಿನ ಯೋಚನೆಯಿದ್ದರೆ ಮೊದಲೊಮ್ಮೆ ಫೆರಿಟಿನ್ ಮಾಡಿಸಿಕೊಂಡು ಬಾ ಎಂದು ಹೇಳಬೇಕು.